ಪೌಡರಿನ ಮೇಲಿನ ಎರಡು ಗೆರೆ

ಬಾಂಟಾಮಾ, ಕುಮಾಸಿ
ಫೆಬ್ರವರಿ 18, ಭಾನುವಾರ, ಚರ್ಚಿನಿಂದ ಬಂದ ಮೇಲೆ

ನನ್ನ ಮುದ್ದು ಅಡೋಮಾ,

ಹೇಗಿದ್ದೀಯ? ಕೆಮ್ಮು ಬಿಟ್ಟಿತೇ? ಇಲ್ಲಿ ಮರುಭೂಮಿ ಕಡೆಯ ಧೂಳುಗಾಳಿ ಈ ವರ್ಷ ಹೋಗುವ ಮನಸ್ಸೇ ಮಾಡುತ್ತಿಲ್ಲ. ಬೆಳಿಗ್ಗೆ ಒರೆಸಿದ ಮೇಜಿನ ಮೇಲೆ ಮಧ್ಯಾಹ್ನ ಬೆರಳಿನಿಂದ ಹೆಸರು ಬರೆಯಬಹುದು. ನಿನ್ನ ಶಾಲೆ ಇರುವ ಕೇಪ್ ಕೋಸ್ಟಿನಲ್ಲಿ ಸಮುದ್ರದ ಗಾಳಿ ಇದೆ, ನಿಮಗೆ ಅಷ್ಟು ಕಷ್ಟವಿರಲಾರದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತೇನೆ. ಹಾಸ್ಟೆಲಿನ ಅವರೆಕಾಳಿನಲ್ಲಿ ಕಲ್ಲು ಸಿಗುವುದು ನಿಂತಿದೆಯೇ? ಹೋದ ಸಲ ಕಳಿಸಿದ ಮರಗೆಣಸಿನ ಗಾರಿ ಹಿಟ್ಟು ಒಂದು ತಿಂಗಳು ಬರುತ್ತದೆ ಎಂದುಕೊಂಡಿದ್ದೆ. ಒಂಬತ್ತು ದಿನಕ್ಕೆ ಮುಗಿಯಿತು ಎಂದು ಬರೆದಿದ್ದೀಯ. ನೀನೊಬ್ಬಳೇ ತಿಂದಿದ್ದರೆ ಹೊಟ್ಟೆ ನೋಡಿಕೋ, ಹಂಚಿಕೊಂಡು ತಿಂದಿದ್ದರೆ ದೇವರು ಒಳ್ಳೆಯದು ಮಾಡಲಿ. ಈ ಸಲ ಎರಡು ಚೀಲ ಇಟ್ಟಿದ್ದೇನೆ, ಮೀನಿನ ಕರಿಖಾರವೂ ಒಂದು ದೊಡ್ಡ ಬಾಟಲಿ. ನನ್ನ ಮಂಡಿ ಹೇಗಿತ್ತೋ ಹಾಗೇ ಇದೆ, ಕೂರಲು ಬಿಡುವುದಿಲ್ಲ, ಕೂತರೆ ಏಳಲು ಬಿಡುವುದಿಲ್ಲ. ನಿಮ್ಮ ಶಾಲೆಯವರು ಫೋನು ಮುಟ್ಟಗೊಡದಿರುವುದು ನನಗೇನೋ ಒಳ್ಳೆಯದೇ ಆಯಿತು. ಫೋನಿನಲ್ಲಾದರೆ ನೀನು "ಹ್ಞೂಂ ಅಜ್ಜಿ, ಆಯ್ತು ಅಜ್ಜಿ" ಎಂದು ಎರಡು ನಿಮಿಷಕ್ಕೆ ಮುಗಿಸಿಬಿಡುತ್ತೀಯ. ಕಾಗದದಲ್ಲಿ ನನ್ನ ಮಾತಿಗೆ ಅಡ್ಡ ಬರುವವರು ಯಾರೂ ಇಲ್ಲ.

ನೀನು ಕೇಳಿದ ಕನ್ಸೀಲರ್ ಟ್ಯೂಬನ್ನು ಮಾತ್ರ ಕಳಿಸುತ್ತಿಲ್ಲ. ಮುಖ ಊದಿಸಬೇಡ. ವಾರ್ಡನ್ ಕೈಗೆ ಸಿಕ್ಕರೆ ಅದು ನೇರ ಕಸದ ಡಬ್ಬಿಗೆ ಹೋಗುತ್ತದೆ, ನೀನು ಒಂದು ವಾರ ಹುಲ್ಲು ಕೀಳಬೇಕಾಗುತ್ತದೆ, ಅದೊಂದೇ ಕಾರಣವಲ್ಲ. "ಕಣ್ಣ ಕೆಳಗೆ ಕಪ್ಪಾಗಿದೆ, ಗೆಳತಿಯರು ಕೇಳುತ್ತಾರೆ, ಮುಚ್ಚಿಕೊಳ್ಳಲು ಏನಾದರೂ ಕಳಿಸು, ಅಮ್ಮನಿಗೆ ಹೇಳಬೇಡ" ಎಂದು ಬರೆದಿದ್ದೀಯಲ್ಲ, ಅದನ್ನು ಓದಿ ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದೆ. ಹದಿನಾರು ವರ್ಷದ ಹುಡುಗಿಯ ಕಣ್ಣ ಕೆಳಗೆ ಕಪ್ಪೇಕೆ? ಪರೀಕ್ಷೆ ಇನ್ನೂ ದೂರವಿದೆ. ಟ್ಯೂಬಿನ ಬದಲು ಒಂದು ಡಬ್ಬಿ ಶಿಯಾ ಬೆಣ್ಣೆ ಇಟ್ಟಿದ್ದೇನೆ. ಮಲಗುವ ಮುಂಚೆ ಒಂದು ಕಾಳಿನಷ್ಟು ತೆಗೆದುಕೊಂಡು ಉಂಗುರದ ಬೆರಳಿನಿಂದ ಕಣ್ಣ ಕೆಳಗೆ ತಟ್ಟಿಕೋ. ತೋರುಬೆರಳು ಬೇಡ, ಅದಕ್ಕೆ ಜೋರು ಜಾಸ್ತಿ. ಆ ಚರ್ಮ ಬಹಳ ತೆಳು, ಉಜ್ಜಿದರೆ ಮುನಿಸಿಕೊಳ್ಳುತ್ತದೆ. ಟ್ಯೂಬು ಯಾಕೆ ಕಳಿಸಲಿಲ್ಲ ಎನ್ನುವುದಕ್ಕೆ ಇಲ್ಲಿ ನಡೆದ ಕಥೆಯನ್ನೇ ಬರೆಯುತ್ತೇನೆ, ಓದು.

ಹೋದ ವಾರದ ಶನಿವಾರ ಒಪಾರೆಯ ಕಡೆಯವರು ನಿನ್ನ ಅಮ್ಮನನ್ನು ಮದುವೆಗೆ ಕೇಳಲು ರೂಢಿಯಂತೆ ನಮ್ಮ ಬಾಗಿಲು ತಟ್ಟಿದರು. ಈ ಸಾಲು ಓದಿದ ಕೂಡಲೇ ಕಾಗದ ಮಡಚಿಡಬೇಡ ಚಿನ್ನ. ಪೂರ್ತಿ ಓದಿ ಆಮೇಲೆ ಎಷ್ಟು ಬೇಕಾದರೂ ಕೋಪ ಮಾಡಿಕೋ. ಒಪಾರೆ ನಿನಗೆ ಹೊಸಬನಲ್ಲ. ಆಡುಮ್ ಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟಿರುವವನು, ಈ ಕಾಗದವನ್ನು ನಾನು ಬರೆಯುತ್ತಿರುವುದು ಅವನು ಮಾಡಿಕೊಟ್ಟ ಕನ್ನಡಕದಲ್ಲೇ. ಕ್ರಿಸ್‌ಮಸ್‌ಗೆ ಊಟಕ್ಕೆ ಬಂದಿದ್ದಾಗ ನೀನು ಅವನಿಗೆ ಸೂಪಿನಲ್ಲಿ ಬರೀ ಮೂಳೆ ಬಡಿಸಿದ್ದೆ, ಅವನು "ತುಂಬಾ ಚೆನ್ನಾಗಿದೆ" ಎಂದು ಮೂಳೆಯನ್ನೇ ಚೀಪಿ ಎದ್ದು ಹೋದ. ನಾನು ಎಲ್ಲ ನೋಡುತ್ತಿದ್ದೆ. ನಿನ್ನ ಅಪ್ಪ ಕ್ವಾರ್ಟೆಂಗ್ ತೀರಿಕೊಂಡು ಈ ಮೇ ತಿಂಗಳಿಗೆ ಆರು ವರ್ಷ. ಈ ಆರು ವರ್ಷ ನಿನ್ನ ಅಮ್ಮ ಆಸ್ಪತ್ರೆಯ ಕೆಲಸ, ಮನೆ, ನಿನ್ನ ಶಾಲೆ ಬಿಟ್ಟರೆ ಬೇರೇನೂ ನೋಡಲಿಲ್ಲ. ಅವಳು ಈಗ ಒಬ್ಬ ಮನುಷ್ಯನ ಜೊತೆ ಕೂತು ನಗುವುದನ್ನು ಕಂಡು ನನಗೆ ಸಂತೋಷವಾಯಿತು, ಸುಳ್ಳು ಏಕೆ ಹೇಳಲಿ.

ಆದರೆ ಜನವರಿಯಲ್ಲಿ ನೀನು ಶಾಲೆಗೆ ಹೊರಟ ಮೇಲೆ ಅವಳ ಕಣ್ಣ ಕೆಳಗೆ ಕಪ್ಪು ಹಿಡಿಯತೊಡಗಿತು. ಮೊದಲು ನೆರಳಿನಂತೆ ಇದ್ದದ್ದು, ಎರಡು ವಾರಕ್ಕೆ ಯಾರೋ ಹೆಬ್ಬೆರಳಿನಿಂದ ಮಸಿ ಒತ್ತಿದ ಹಾಗಾಯಿತು. ರಾತ್ರಿ ಪಾಳಿಯ ಕೆಲಸ ಎಂದುಕೊಂಡೆ. ಆದರೆ ಅವಳನ್ನು ಹಗಲು ಪಾಳಿಗೆ ಹಾಕಿ ಆಗಲೇ ತಿಂಗಳಾಗಿತ್ತು. ಧೂಳು ಇರಬಹುದು ಎಂದುಕೊಂಡು ಕಿಟಕಿಗೆಲ್ಲ ಒದ್ದೆ ಬಟ್ಟೆ ಕಟ್ಟಿದೆ. ಸೌತೆಕಾಯಿ ಬಿಲ್ಲೆ ಇಟ್ಟೆ, ತಣ್ಣಗಿನ ಟೀ ಚೀಲ ಇಟ್ಟೆ, ಫ್ರಿಜ್ಜಿನಲ್ಲಿ ಎರಡು ಚಮಚ ಇಟ್ಟು ಬೆಳಿಗ್ಗೆ ಎದ್ದ ಕೂಡಲೇ ಕಣ್ಣಿಗೆ ಒತ್ತಿಸಿದೆ. "ಅಮ್ಮಾ, ಬಿಡು, ಡ್ಯೂಟಿಗೆ ಹೊತ್ತಾಯ್ತು" ಎಂದು ಓಡಿಹೋಗುವಳು. ಸೌತೆಕಾಯಿಯನ್ನು ಕೊನೆಗೆ ನಾನೇ ಉಪ್ಪು ಹಚ್ಚಿಕೊಂಡು ತಿಂದೆ. ನಲವತ್ತು ವರ್ಷ ಈ ಊರಿನ ಮದುವಣಗಿತ್ತಿಯರಿಗೆ ಅಲಂಕಾರ ಮಾಡಿದ ಬಿರಾಗೊ ನಾನು. ಬಾಗಿಲು ತಟ್ಟುವ ದಿನ ನನ್ನ ಸ್ವಂತ ಮಗಳು ಕಣ್ಣ ಕೆಳಗೆ ಮಸಿ ಇಟ್ಟುಕೊಂಡು ನೆಂಟರ ಮುಂದೆ ಕೂರುವುದೇ? ನನ್ನ ಮಾನ ಏನಾಗಬೇಕು?

ಅದಕ್ಕೇ ಮಂಡಿ ನೋವು ಲೆಕ್ಕಿಸದೆ ಕೆಜೇಟಿಯಾ ಮಾರುಕಟ್ಟೆಗೆ ಹೋದೆ. ಒಳಗೆ ಕಾಲಿಡುತ್ತಿದ್ದ ಹಾಗೆ ಒಬ್ಬಳು ಕೈ ಹಿಡಿದು ಎಳೆದಳು. "ಅಜ್ಜೀ, ಈ ಕ್ರೀಮ್ ತಗೊಳ್ಳಿ, ಒಂದೇ ವಾರಕ್ಕೆ ಮುಖ ಬೆಳ್ಳಗಾಗತ್ತೆ" ಅಂದಳು. ಅವಳ ಮುಖವೇನೋ ಬೆಳ್ಳಗಿತ್ತು, ಬೆರಳ ಗೆಣ್ಣುಗಳು ಮಾತ್ರ ಕಪ್ಪಗೆ ಉಳಿದಿದ್ದವು. "ಮೊದ್ಲು ನಿನ್ನ ಕೈಯನ್ನ ಮುಖದ ಜೊತೆ ರಾಜಿ ಮಾಡಿಸು, ಆಮೇಲೆ ನನ್ನ ಮಗಳ ವಿಷಯ ಮಾತಾಡೋಣ" ಎಂದು ಕೈ ಬಿಡಿಸಿಕೊಂಡೆ. ನನಗೆ ಬೇಕಾಗಿದ್ದದ್ದು ನನ್ನ ಮಗಳ ಸ್ವಂತ ಬಣ್ಣ, ಕಣ್ಣ ಕೆಳಗೂ ಅದೇ ಬಣ್ಣ. ಅಲ್ಲಿಂದ ಲಾಮಿಸಿಯ ಅಂಗಡಿಗೆ ಹೋದೆ. ಉತ್ತರದ ಕಡೆಯವಳು, ನೋಡಲು ಗಂಭೀರ, ಬಾಯಿ ಮಾತ್ರ ಕತ್ತರಿ. ನಾನು ಒಂದು ತಿಳಿ ಬಣ್ಣದ ಕನ್ಸೀಲರ್ ಕೈಗೆತ್ತಿಕೊಂಡದ್ದೇ ತಡ, "ಅದನ್ನ ಕೆಳಗಿಡಿ ಅಜ್ಜಿ. ನಮ್ಮ ಬಣ್ಣದೋರು ಕಪ್ಪಿನ ಮೇಲೆ ಸೀದಾ ತಿಳಿ ಬಣ್ಣ ಬಳಿದ್ರೆ ಬೂದಿ ಮೆತ್ತಿದ ಹಾಗೆ ಕಾಣತ್ತೆ. ಮೊದ್ಲು ಕಿತ್ತಳೆ, ಅದರ ಮೇಲೆ ಚರ್ಮದ ಬಣ್ಣದ್ದು" ಅಂದಳು. ನನಗೆ ಅವಮಾನವಾಯಿತು. "ನೀನು ಹುಟ್ಟೋಕೆ ಮುಂಚೆನೇ ನಾನು ಮದುವಣಗಿತ್ತೀರಿಗೆ ಬಣ್ಣ ಹಾಕ್ತಿದ್ದೆ ಕಣೇ" ಅಂದೆ. ಅವಳು ನಗಲೂ ಇಲ್ಲ. "ಹಾಕಿರ್ತೀರ. ಆಗ ಫೋಟೋ ಕಪ್ಪು ಬಿಳುಪು ಇರ್ತಿತ್ತು, ಏನು ಹಾಕಿದ್ರೂ ನಡೀತಿತ್ತು" ಅಂದಳು. ಕಿತ್ತಳೆ ಬಣ್ಣದ ಡಬ್ಬಿ, ಅಮ್ಮನ ಬಣ್ಣಕ್ಕೆ ಹೊಂದುವ ಒಂದು ಟ್ಯೂಬು, ನುಣುಪಾದ ಬಿಳಿ ಪೌಡರು ಕಟ್ಟಿಕೊಟ್ಟಳು. ಹೊರಡುವಾಗ ಬೆರಳು ಎತ್ತಿ ಎಚ್ಚರಿಕೆ ಹೇಳಿದಳು, "ಪೌಡರ್ ಚಿಟಿಕೆಯಷ್ಟೇ. ಜಾಸ್ತಿ ಹಾಕಿ, ಅದರ ಮೇಲೆ ಫ್ಲ್ಯಾಶ್ ಬಿದ್ದು, ಆಮೇಲೆ ನನ್ನ ಹತ್ರ ಜಗಳಕ್ಕೆ ಬರ್ಬೇಡಿ." ಆ ಮಾತನ್ನು ನಾನು ಈ ಕಿವಿಯಿಂದ ಕೇಳಿ ಆ ಕಿವಿಯಿಂದ ಬಿಟ್ಟೆ.

ಶನಿವಾರ ಬೆಳಿಗ್ಗೆ ನಿನ್ನ ಅಮ್ಮನನ್ನು ಅಂಗಳದ ಬೆಳಕಿಗೆ ಮುಖ ಮಾಡಿ ಕೂರಿಸಿದೆ. ಮುಖ ತೊಳೆಸಿ, ಶಿಯಾ ಬೆಣ್ಣೆ ತಟ್ಟಿ, ಅದು ಇಳಿಯುವವರೆಗೆ ಕಾದು, ಕಿತ್ತಳೆ ಬಣ್ಣವನ್ನು ಕಣ್ಣಿನ ಒಳಮೂಲೆಯಿಂದ ತಟ್ಟುತ್ತಾ ಬಂದೆ. ಲಾಮಿಸಿ ಹೇಳಿದ್ದು ನಿಜ ಎಂದು ಒಪ್ಪಿಕೊಳ್ಳಲೇಬೇಕು, ಅಡೋಮಾ. ಆ ಕಪ್ಪು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಅದರ ಮೇಲೆ ಅವಳ ಬಣ್ಣದ ಒಂದು ಪದರ ಹಚ್ಚಿದಾಗ, ನನ್ನ ಮುಂದೆ ಇಪ್ಪತ್ತೈದು ವರ್ಷದ ನನ್ನ ಮಗಳು ಫ್ರೇಮಾ ಕೂತಿದ್ದಳು. ಸಂಭ್ರಮದಲ್ಲಿ ಬಾಯಿ ತಪ್ಪಿ, "ಅಡೋಮಾ ಇವತ್ತು ಇದ್ದಿದ್ರೆ ಚೆನ್ನಾಗಿರ್ತಿತ್ತು" ಅಂದೆ. ಅಷ್ಟೇ. ಕಣ್ಣ ಕೆಳಗಿನ ಬಣ್ಣವೆಲ್ಲ ಒದ್ದೆಯಾಯಿತು. "ಪಕ್ಕದ್ಮನೇಲಿ ಈರುಳ್ಳಿ ಹೆಚ್ತಿದಾರೆ ಅಮ್ಮಾ" ಅಂದಳು. ಒರೆಸಿ ಮತ್ತೆ ಹಚ್ಚಿದೆ. ಮತ್ತೆ ಒದ್ದೆ. "ಈರುಳ್ಳಿ ಹೆಚ್ತಿದಾರೋ, ಈರುಳ್ಳಿ ಗದ್ದೆನೇ ಕೊಯ್ತಿದಾರೋ?" ಎಂದು ರೇಗಿದೆ. ಮೂರನೆಯ ಸಲ ನನಗೂ ಸಿಟ್ಟು ಬಂತು. ನೆಂಟರು ಬರುವ ಹೊತ್ತಾಗಿತ್ತು. ಪೌಡರನ್ನು ಸ್ಪಂಜಿನಲ್ಲಿ ದಂಡಿಯಾಗಿ ಅದ್ದಿ, ಕಣ್ಣ ಕೆಳಗೆ ದಪ್ಪಗೆ ಒತ್ತಿಬಿಟ್ಟೆ. ಇನ್ನು ಎಷ್ಟು ನೀರು ಬಂದರೂ ಇದೇ ಕುಡಿಯಲಿ ಎಂದುಕೊಂಡೆ. ಮೇಲುಮೇಲಿಂದ ಬ್ರಷ್ ಆಡಿಸಿ ಕನ್ನಡಿ ಹಿಡಿದೆ. ಮನೆಯ ಬೆಳಕಿನಲ್ಲಿ ಎಲ್ಲ ಸರಿಯಾಗಿಯೇ ಕಂಡಿತು.

ಅವರು ಹನ್ನೊಂದು ಜನ ಬಂದರು. ಬಾಗಿಲು ತಟ್ಟಿ ಹೊರಗೇ ನಿಂತರು, ನಾವು ಬೇಕೆಂದೇ ಸ್ವಲ್ಪ ಹೊತ್ತು ಕಾಯಿಸಿದೆವು. ಅವರ ಕಡೆಯಿಂದ ಮಾತಾಡಲು ಬಂದಿದ್ದ ಹೆಂಗಸು ಭಾರೀ ಚುರುಕು. "ಈ ದಾರೀಲಿ ಹೋಗ್ತಿದ್ವಿ, ನಿಮ್ಮ ತೋಟದಲ್ಲೊಂದು ಹೂ ಕಾಣಿಸ್ತು, ಕೇಳ್ಕೊಂಡು ಹೋಗೋಣ ಅಂತ ಬಂದ್ವಿ" ಅಂದಳು. "ನಮ್ಮನೇಲಿ ಹೂವಿಲ್ಲಮ್ಮ, ಬರೀ ಬದನೆಗಿಡ ಇರೋದು" ಎಂದು ನಾನು ಒಳಗಿನಿಂದಲೇ ಕೂಗಿದೆ. ಎಲ್ಲರೂ ನಕ್ಕರು. ತಂದಿದ್ದ ಎರಡು ಬಾಟಲಿ ಮದ್ಯವನ್ನು ಮೇಜಿನ ಮೇಲೆ ಇಟ್ಟರು. ಒಪಾರೆ ರೂಢಿಯಂತೆ ಒಂದು ಮಾತೂ ಆಡದೆ ಬಾಗಿಲ ಬಳಿಯ ಮರದ ಸ್ಟೂಲಿನ ಮೇಲೆ ಕೂತಿದ್ದ, ಬಿಳಿ ಅಂಗಿ, ಬೆವರಿದ ಹಣೆ, ಐವತ್ತರ ಮನುಷ್ಯ ಹೈಸ್ಕೂಲು ಹುಡುಗನ ಹಾಗೆ ಮಂಡಿ ಜೋಡಿಸಿಕೊಂಡು. ನಿನ್ನ ಅಪ್ಪನ ಬೆತ್ತದ ಕುರ್ಚಿ ಖಾಲಿ ಇತ್ತು. ಯಾರೋ "ಇಲ್ಲಿ ಬಾರಯ್ಯ, ಕೂತ್ಕೋ" ಎಂದು ಅದನ್ನು ತೋರಿಸಿದರು. ಅವನು ಬೇಡವೆಂದು ತಲೆಯಾಡಿಸಿ ಸ್ಟೂಲಿನ ಮೇಲೇ ಉಳಿದ. ಅದು ನನ್ನ ಕಣ್ಣಿಗೆ ಬಿತ್ತು.

ನಮ್ಮ ಮನೆಯಲ್ಲಿ ಹುಡುಗಿಯ ಒಪ್ಪಿಗೆ ಕೇಳುವುದು ಅವಳ ಸೋದರಮಾವ, ಮೂರು ಸಲ ಕೇಳಿ ಮೂರು ಸಲವೂ ಅವಳು ಒಪ್ಪಬೇಕು, ಗೊತ್ತಲ್ಲ. ನನ್ನ ತಮ್ಮ ಬಾಫೂರ್ ಗಂಟಲು ಸರಿಮಾಡಿಕೊಂಡು, "ಫ್ರೇಮಾ, ಮಗಳೇ, ಇವರು ಇದನ್ನ ತಂದಿದಾರೆ. ನಾವು ತಗೋಬೋದಾ?" ಅಂದ. ಅವಳು "ತಗೊಳ್ಳಿ ಮಾವ" ಅಂದಳು. ಹೆಂಗಸರು ಕೈ ತಟ್ಟಿದರು. ಎರಡನೆಯ ಸಲ ಕೇಳಿದ. "ತಗೊಳ್ಳಿ ಮಾವ." ಮೂರನೆಯ ಸಲ ಕೇಳಿದ. ಅವಳ ಬಾಯಿ ತೆರೆಯಿತು, ಮಾತು ಬರಲಿಲ್ಲ. ಅವಳು ಬಾಟಲಿಯನ್ನೂ ನೋಡಲಿಲ್ಲ, ಒಪಾರೆಯನ್ನೂ ನೋಡಲಿಲ್ಲ, ಗೋಡೆಯ ಮೇಲಿದ್ದ ನಿನ್ನ ಶಾಲೆಯ ಸಮವಸ್ತ್ರದ ಫೋಟೋ ನೋಡುತ್ತಾ ನಿಂತುಬಿಟ್ಟಳು. ಬಾಫೂರ್‌ನನ್ನು ಚಿಕ್ಕವನಿದ್ದಾಗಿನಿಂದ ದಡ್ಡ ಎಂದು ಬೈಯುತ್ತಾ ಬಂದಿದ್ದೇನೆ, ಇನ್ನು ಮೇಲೆ ಬೈಯುವುದಿಲ್ಲ. ಅವನು ನಿಧಾನವಾಗಿ ನಕ್ಕು, "ನಮ್ಮ ಹುಡುಗಿಗೆ ಈ ಧೂಳಲ್ಲಿ ಗಂಟಲು ಒಣಗಿದೆ. ಬಾಟ್ಲಿ ನನ್ನ ಹತ್ರ ಇರಲಿ, ಬಿರಡೆ ತೆಗೆಯಲ್ಲ. ಮಾರ್ಚ್ ಎರಡನೇ ತಾರೀಕು ಶನಿವಾರ ಬನ್ನಿ, ಗಂಟಲು ಸರಿ ಹೋಗಿರತ್ತೆ" ಅಂದ. ಅವರು ಒಪ್ಪಿ ಹೋದರು. ಹೋಗುವ ಮುಂಚೆ ಎಲ್ಲರನ್ನೂ ನಿಲ್ಲಿಸಿ ಯಾರೋ ಫೋನಿನಲ್ಲಿ ಫೋಟೋ ತೆಗೆದರು. ಹಜಾರ ಸ್ವಲ್ಪ ಕತ್ತಲೆಯಾಗಿತ್ತು, ಫ್ಲ್ಯಾಶ್ ಹೊಳೆಯಿತು.

ಮಾರನೆಯ ದಿನ ಆ ಫೋಟೋ ಕುಟುಂಬದ ವಾಟ್ಸಾಪ್‌ ಗುಂಪಿಗೆ ಬಂತು ನೋಡು, ನನ್ನ ನಲವತ್ತು ವರ್ಷದ ಹೆಸರು ಮಣ್ಣುಪಾಲಾಯಿತು. ಎಲ್ಲರ ಮುಖವೂ ಚೆನ್ನಾಗಿಯೇ ಇದೆ. ನಿನ್ನ ಅಮ್ಮನ ಕಣ್ಣ ಕೆಳಗೆ ಮಾತ್ರ ಎರಡು ಬೆಳ್ಳನೆಯ ಅರ್ಧಚಂದ್ರ! ಮನೆಯ ಬೆಳಕಿನಲ್ಲಿ ಕಾಣದೆ ಇದ್ದ ಪೌಡರೆಲ್ಲ ಫ್ಲ್ಯಾಶ್ ಬಿದ್ದ ಕೂಡಲೇ ಹೊಳೆದು ಎದ್ದು ನಿಂತಿತ್ತು. ಒಬ್ಬ "ಬಿರಾಗೊ ಚಿಕ್ಕಮ್ಮ ಮಗಳಿಗೆ ಗಾರಿ ಹಿಟ್ಟು ಹಚ್ಚಿದಾರಾ?" ಎಂದು ಬರೆದ. ಇನ್ನೊಬ್ಬಳು ಗೂಬೆಯ ಚಿತ್ರ ಹಾಕಿದಳು. ಅವಳ ಮದುವೆಯ ಅಲಂಕಾರ ಮಾಡಿದವಳು ನಾನೇ, ಉಪಕಾರ ಸ್ಮರಣೆ ಇಲ್ಲದವಳು. ನಾನು ಲಾಮಿಸಿಯನ್ನು ನೆನೆದು ಹಲ್ಲು ಕಡಿಯುತ್ತಾ, ತಪ್ಪು ಎಲ್ಲಾಯಿತು ಎಂದು ಫೋಟೋವನ್ನು ಬೆರಳಿನಿಂದ ದೊಡ್ಡದು ಮಾಡಿ ನೋಡಿದೆ. ಆಗ ಕಂಡಿತು. ಆ ಬಿಳುಪಿನ ನಡುವೆ, ಎರಡೂ ಕಡೆ, ಮೇಲಿನಿಂದ ಕೆಳಕ್ಕೆ ಒಂದೊಂದು ಸಣ್ಣ ಕಂದು ಗೆರೆ. ಬ್ರಷ್ಷಿನ ಗೆರೆ ಹಾಗಿರುವುದಿಲ್ಲ. ನೀರು ಹರಿದು ಪೌಡರು ತೊಳೆದುಹೋದ ಜಾಗ ಅದು. ಹನ್ನೊಂದು ಜನ ನೆಂಟರು, ನಮ್ಮವರು ಇಪ್ಪತ್ತು ಜನ, ಎದುರಿಗೆ ನಾನು, ಎಲ್ಲರ ಮುಂದೆ ನಿಂತು ನನ್ನ ಮಗಳು ಅತ್ತಿದ್ದಳು, ನಮ್ಮಲ್ಲಿ ಯಾರಿಗೂ ಕಾಣಿಸಿರಲಿಲ್ಲ. ನಾನು ಅಷ್ಟು ಚೆನ್ನಾಗಿ ಮುಚ್ಚಿದ್ದೆ.

ಆವತ್ತು ಸಂಜೆ ಅವಳು ಕೆಲಸದಿಂದ ಬಂದಾಗ ಫೋಟೋ ತೋರಿಸಲಿಲ್ಲ. ಹತ್ತಿಗೆ ಕೊಬ್ಬರಿ ಎಣ್ಣೆ ಅದ್ದಿಕೊಂಡು, "ಬಾ ಇಲ್ಲಿ, ಮುಖ ಒರೆಸ್ತೀನಿ" ಅಂದೆ. ಆವತ್ತು ಆಸ್ಪತ್ರೆಗೆ ಹೋಗುವಾಗಲೂ ಅವಳು ತಾನೇ ಆ ಕಿತ್ತಳೆ ಬಣ್ಣ ಹಚ್ಚಿಕೊಂಡು ಹೋಗಿದ್ದಳು. ಚಿಕ್ಕ ಮಗುವಿನ ಹಾಗೆ ಮುಖ ಎತ್ತಿ ಕೂತಳು. ಒರೆಸುತ್ತಾ ಒರೆಸುತ್ತಾ ಕೆಳಗಿನ ಕಪ್ಪು ಕಂಡಿತು. "ಇದನ್ನ ಇನ್ನು ಮುಚ್ಚಲ್ಲ ಫ್ರೇಮಾ, ಏನಾಗಿದೆ ಹೇಳು" ಅಂದೆ. ಆಗ ಹೇಳಿದಳು. ಜನವರಿಯಲ್ಲಿ ನಿನ್ನನ್ನು ಬಸ್ಸು ಹತ್ತಿಸಲು ಹೋದಾಗ, ಪೆಟ್ಟಿಗೆಯನ್ನು ಬಸ್ಸಿನ ಮೇಲೆ ಹಾಕಿಸಿದ ನಂತರ, ನೀನು ಕಿಟಕಿಯಿಂದ ಹೇಳಿದೆಯಂತೆ, "ಅವರು ನಮ್ಮನೆಗೆ ಬಂದ್ರೆ ನಾನು ರಜಕ್ಕೂ ಬರಲ್ಲ. ಅಪ್ಪನ ಕುರ್ಚೀಲಿ ಬೇರೆಯೋರು ಕೂತಿರೋದನ್ನ ನನ್ ಕೈಲಿ ನೋಡಕ್ಕಾಗಲ್ಲ." ಬಸ್ಸು ಹೊರಟುಬಿಟ್ಟಿತಂತೆ. ನನಗೆ ಮಂಡಿ ನೋವೆಂದು ನಾನು ಆವತ್ತು ಬಂದಿರಲಿಲ್ಲ, ಇಲ್ಲದಿದ್ದರೆ ಬಸ್ಸಿನ ಮುಂದೆ ಅಡ್ಡ ಮಲಗಿಯಾದರೂ ಆ ಮಾತು ಅಲ್ಲೇ ಮುಗಿಸುತ್ತಿದ್ದೆ. "ನೀನು ಆ ಮಾತನ್ನ ನನಗ್ಯಾಕೆ ಹೇಳಲಿಲ್ಲ?" ಅಂದೆ. "ನೀನು ಅವಳನ್ನ ಬೈತಿದ್ದೆ. ಅವಳು ಹೇಳಿದ್ರಲ್ಲಿ ತಪ್ಪೇನಿದೆ ಅಮ್ಮಾ? ಕುರ್ಚಿ ಅವಳ ಅಪ್ಪಂದು ತಾನೇ" ಅಂದಳು. ನಿನ್ನನ್ನು ನನ್ನ ಬೈಗುಳದಿಂದ ಕಾಪಾಡಲು ಅವಳು ಒಂದು ತಿಂಗಳು ನಿದ್ದೆ ಬಿಟ್ಟಿದ್ದಳು.

ನಾನು ಬೈಯುವುದಿಲ್ಲ ಅಡೋಮಾ. ನನಗೆ ಬೈಯುವ ಬಾಯಿಲ್ಲ. ಯಾಕೆಂದು ಯಾರಿಗೂ ಹೇಳಿಲ್ಲ, ನಿನಗೆ ಹೇಳುತ್ತೇನೆ. ನಿನ್ನ ಅಮ್ಮನಿಗೆ ಒಂಬತ್ತು ವರ್ಷವಿದ್ದಾಗ, ನಿನ್ನ ತಾತ ತೀರಿ ಮೂರು ವರ್ಷಕ್ಕೆ, ನನ್ನನ್ನು ಕೇಳಲು ಒಬ್ಬ ಮನುಷ್ಯ ಬರುತ್ತಿದ್ದ. ಕೆಂಟೆ ಬಟ್ಟೆ ನೇಯುವವನು, ಮಾತು ಕಡಿಮೆ, ಬಂದಾಗಲೆಲ್ಲ ನನ್ನ ಒಲೆಗೆ ಸೌದೆ ಒಡೆದು ಹೋಗುತ್ತಿದ್ದ. ಒಂದು ದಿನ ಅವನು ಹೊರಡಲು ಎದ್ದರೆ ಚಪ್ಪಲಿ ಇಲ್ಲ. ಹುಡುಕಿ ಹುಡುಕಿ ಸಾಕಾಯಿತು. ಕೊನೆಗೆ ನಿನ್ನ ಅಮ್ಮನೇ ಬಂದು, "ಬಾವೀಲಿ ಹಾಕಿದೀನಿ, ಇನ್ನೊಂದ್ಸಲ ಬಂದ್ರೆ ಅವರನ್ನೂ ಹಾಕ್ತೀನಿ" ಅಂದಳು. ಅವನು ಪಾಪ ನಕ್ಕು ಬರಿಗಾಲಲ್ಲಿ ಹೋದ. ನಾನು ನಗಲಿಲ್ಲ. ಇನ್ನು ಬರಬೇಡಿ ಎಂದು ಹೇಳಿಕಳಿಸಿದೆ. ಮಗಳಿಗೋಸ್ಕರ ಒಳ್ಳೆಯ ಕೆಲಸ ಮಾಡಿದೆ ಎಂದುಕೊಂಡೆ. ಆಮೇಲೆ ಎಷ್ಟೋ ತಿಂಗಳು ನನಗೆ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಎದ್ದರೆ "ಅಮ್ಮಾ, ನಿನ್ನ ಕಣ್ಣಿಗೇನಾಗಿದೆ?" ಎಂದು ಫ್ರೇಮಾ ಕೇಳುತ್ತಿದ್ದಳು. ಅವಳಿಗೆ ಕಾಣಬಾರದೆಂದು ಪಕ್ಕದ ಮನೆಯವಳಿಂದ ಒಂದಿಷ್ಟು ಬಣ್ಣ ತಂದು, ಕೋಕೋ ಬೆಣ್ಣೆಯಲ್ಲಿ ಕಲಸಿ, ಕನ್ನಡಿ ಮುಂದೆ ಕೂತು ಹಚ್ಚುವುದನ್ನು ಕಲಿತೆ. ಎಷ್ಟು ಚೆನ್ನಾಗಿ ಕಲಿತೆನೆಂದರೆ, ಅದನ್ನು ನೋಡಿದ ಹೆಂಗಸರು ತಮ್ಮ ಹೆಣ್ಣುಮಕ್ಕಳ ಮದುವೆಗೆ ನನ್ನನ್ನು ಕರೆಯತೊಡಗಿದರು. ನನ್ನ ಈ ಕಸುಬು ಶುರುವಾದದ್ದು ಹೀಗೆ. ನಿನ್ನ ಅಮ್ಮನಿಗೆ ಇದು ಇವತ್ತಿಗೂ ಗೊತ್ತಿಲ್ಲ. ಆ ನೇಕಾರನ ನೆನಪು ನನಗೆ ಈಗಲೂ ಬರುತ್ತದೆ, ಸೌದೆ ಒಡೆಯುವ ಸದ್ದು ಕೇಳಿದಾಗ. ಬೇಸರವೂ ಆಗುತ್ತದೆ.

ಒಪಾರೆಯ ವಿಷಯ ಒಂದು ಮಾತು ಹೇಳಿ ಮುಗಿಸುತ್ತೇನೆ. ಮೊನ್ನೆ ಕನ್ನಡಕದ ಕಾಲು ಸಡಿಲವಾಯಿತೆಂಬ ನೆಪ ಮಾಡಿ ಅವನ ಅಂಗಡಿಗೆ ಹೋಗಿದ್ದೆ. ಅವನು ತಿರುಪು ಬಿಗಿಮಾಡುತ್ತಾ ತಲೆ ಎತ್ತದೆ, "ಅಮ್ಮಾ, ದಿನಾ ನೂರು ಜನರ ಕಣ್ಣು ನೋಡೋನು ನಾನು. ಫ್ರೇಮಾ ನಿದ್ದೆ ಮಾಡ್ತಿಲ್ಲ ಅಂತ ನನಗೆ ಜನವರಿಯಲ್ಲೇ ಗೊತ್ತಾಯ್ತು. ನನ್ನ ದೆಸೆಯಿಂದ ಹಾಗಾಗೋದಾದ್ರೆ ನಾನು ಬಾಟ್ಲಿ ವಾಪಸ್ ತಗೊಂಡು ಹೋಗ್ತೀನಿ" ಅಂದ. ನಾನು ಕುರ್ಚಿಯ ಮಾತು ಹೇಳಿಬಿಟ್ಟೆ, ಹೇಳಬಾರದಿತ್ತೇನೋ. ಅವನು ಕನ್ನಡಕದ ಗಾಜು ಒರೆಸಿ ನನ್ನ ಕೈಗಿಟ್ಟ. ಆಮೇಲೆ, "ಆ ಹುಡುಗಿ ಹೇಳಿದ್ದು ಸರಿಯಾಗೇ ಇದೆ. ಆ ಕುರ್ಚಿ ಅಲ್ಲೇ ಇರಲಿ. ನಾನು ಬರೋದಾದ್ರೆ ನನ್ನ ಸ್ಟೂಲು ನಾನೇ ತರ್ತೀನಿ" ಅಂದ. ಕನ್ನಡಕದ ಕೆಲಸಕ್ಕೆ ಏನೂ ತೆಗೆದುಕೊಳ್ಳಲಿಲ್ಲ. ಅದರಿಂದೇನೂ ನಾನು ಅವನ ಪಕ್ಷ ವಹಿಸಿ ಬರೆಯುತ್ತಿದ್ದೇನೆ ಎಂದುಕೊಳ್ಳಬೇಡ.

ಅಮ್ಮ ಚರ್ಚಿನಿಂದ ಬಂದು ಈಗಷ್ಟೇ ಮಲಗಿದ್ದಾಳೆ, ಮುಖಕ್ಕೆ ಏನೂ ಹಚ್ಚಿಲ್ಲ, ಹಚ್ಚಬೇಡವೆಂದು ನಾನೇ ಹೇಳಿದ್ದೇನೆ. ಊಟ ಸರಿಯಾಗಿ ಮಾಡು. ಬಟ್ಟೆ ಪೂರ್ತಿ ಒಣಗಿದ ಮೇಲೆ ಹಾಕಿಕೋ. ಬಾಫೂರ್ ಮಾವ ನಿನ್ನನ್ನು ಕೇಳಿದ. ನಿನ್ನ ಅಪ್ಪನನ್ನು ಕಾಯುವ ದೇವರು ನಿನ್ನನ್ನೂ ಕಾಯಲಿ, ನಿನ್ನ ತಲೆಗೆ ಓದು, ಕಣ್ಣಿಗೆ ನಿದ್ದೆ ಕೊಡಲಿ.

ನಿನ್ನನ್ನು ಬಹಳ ಪ್ರೀತಿಸುವ,
ಅಜ್ಜಿ ಬಿರಾಗೊ

ಮರೆತಿದ್ದೆ: ಎದುರು ಮನೆಯ ಅರಾಬಾ ಅವಸರ ಮಾಡುತ್ತಿದ್ದಾಳೆ, ಬೆಳಿಗ್ಗೆ ಮೊದಲ ಬಸ್ಸಿಗೆ ಕೇಪ್ ಕೋಸ್ಟಿನ ತಾಯಿಮನೆಗೆ ಹೊರಡುತ್ತಾಳೆ, ಈ ಕಾಗದ ಅವಳ ಕೈಯಲ್ಲೇ ಬರುತ್ತದೆ. ಗುರುವಾರ ವಾಪಸಾಗುವ ಮುಂಚೆ ನಿಮ್ಮ ಗೇಟಿನ ಹತ್ತಿರ ನಿಲ್ಲುತ್ತಾಳೆ. ಅಷ್ಟರೊಳಗೆ ಒಂದು ಸಾಲು ಬರೆದುಕೊಡು. ನನಗಲ್ಲ, ನಿನ್ನ ಅಮ್ಮನಿಗೆ. ಹ್ಞೂಂ ಅನ್ನು, ಉಹ್ಞೂಂ ಅನ್ನು, ಇನ್ನೂ ಗೊತ್ತಿಲ್ಲ ಎಂದಾದರೂ ಬರೆ, ಆದರೆ ಬಸ್ಸಿನ ಕಿಟಕಿಯ ಆ ಮಾತನ್ನೇ ಕೊನೆಯ ಮಾತು ಮಾಡಬೇಡ. ನೀನು ಬೇಡ ಎಂದರೆ ಮಾರ್ಚ್ ಎರಡಕ್ಕೂ ಅವಳು ಆ ಮೂರನೆಯ ಮಾತಿಗೆ ಬಾಯಿ ತೆರೆಯುವುದಿಲ್ಲ, ನಲವತ್ತು ವರ್ಷದ ಹಿಂದೆ ನಾನು ಮಾಡಿದ್ದನ್ನೇ ಮಾಡುತ್ತಾಳೆ, ನನಗೆ ಗೊತ್ತು. ಆ ಫೋಟೋ ಮುದ್ರಿಸಿ ಕಾಗದದೊಳಗೆ ಇಟ್ಟಿದ್ದೇನೆ. ಮೊದಲು ಆ ಬಿಳಿ ಅರ್ಧಚಂದ್ರಗಳನ್ನು ನೋಡಿ ಚೆನ್ನಾಗಿ ನಗು, ಅಜ್ಜಿಯ ಕೈಚಳಕ. ನಕ್ಕಾದ ಮೇಲೆ ಬೆಳಕಿಗೆ ಹಿಡಿದು ಆ ಎರಡು ಗೆರೆ ನೋಡು. ಆಮೇಲೆ ಕನ್ನಡಿಯಲ್ಲಿ ನಿನ್ನ ಕಣ್ಣು ನೋಡಿಕೋ. ಜನವರಿಯಿಂದ ಅವಳು ಇಲ್ಲಿ, ನೀನು ಅಲ್ಲಿ, ಒಂದೇ ಮಾತಿಗೆ ಇಬ್ಬರೂ ನಿದ್ದೆಗೆಟ್ಟಿದ್ದೀರಿ, ಇಬ್ಬರೂ ಮುಚ್ಚಿಕೊಳ್ಳಲು ಬಣ್ಣ ಕೇಳುತ್ತೀರಿ. ನನ್ನ ಹತ್ತಿರ ಇನ್ನು ಬಣ್ಣವಿಲ್ಲ ಮಗಳೇ. ಬರೆದು, ಮಲಗು.